ಕಣ್ಣಿನವರೆಗೆ ಚುಚ್ಚಿದ ಸೂಜಿ

ಬೆಳಗ್ಗೆಯಿಂದ ಲೆಕ್ಕದಕ್ಕ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಹೊಲಿಗೆ ಯಂತ್ರದ ಮುಂದೆ ಹೋಗಿ ಕೂರುವುದು, ನಾಲ್ಕು ಹೊಲಿಗೆ ಹಾಕುವುದು, ಎದ್ದು ಹೋಗಿ ಕಿಟಕಿಯ ಪರದೆ ಸರಿಸಿ ಬೀದಿ ನೋಡುವುದು, ವಾಪಸ್ ಬಂದು ಹಾಕಿದ ನಾಲ್ಕನ್ನೂ ಬಿಚ್ಚುವುದು. ಗಂಡ ಎರಡು ಸಲ ನೋಡಿ ಸುಮ್ಮನಿದ್ದರು. ಮೂರನೆಯ ಸಲ, "ಕಾಲಿಗೇನು ಚಕ್ರ ಕಟ್ಕೊಂಡಿದ್ದೀಯಾ?" ಅಂದರು.

"ನಿಮಗೇನು, ಕೂತು ಗಡಿಯಾರ ಬಿಚ್ಚಿ. ನನ್ನ ಪಾಡು ನನಗೆ."

ಆಕೆಯ ನಿಜವಾದ ಹೆಸರು ಆ ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಅಂಗಿಯ ಗುಂಡಿ, ಲಂಗದ ಹುಕ್ಕು, ಮಹಡಿಯ ಮೆಟ್ಟಿಲು, ಬಂದವರು ಕುಡಿದ ನೀರಿನ ಲೋಟ, ಎಲ್ಲವನ್ನೂ ಎಣಿಸುವ ಚಾಳಿ ಇದ್ದುದರಿಂದ ಲೆಕ್ಕದಕ್ಕ ಎಂದೇ ಹೆಸರಾಗಿಹೋಗಿತ್ತು. ಗಂಡ ಗಡಿಯಾರ ರಿಪೇರಿ ಮಾಡುವವರು, ಆದರೆ ಮನೆಯಲ್ಲಿ ಹೊತ್ತು ಹೇಳುವವಳು ಆಕೆ. ಎಣಿಕೆಯಲ್ಲಿ ತನಗೆ ತಪ್ಪಾಗುವುದೇ ಇಲ್ಲ ಎಂಬ ಜಂಬ ಆಕೆಗಿತ್ತು. ಜಂಬ ಪೂರ್ತಿ ಸುಳ್ಳೂ ಆಗಿರಲಿಲ್ಲ, ಅದೇ ತೊಂದರೆ.

ಇವತ್ತು ಪುಟ್ಟಿ ಊರು ಬಿಡುವ ದಿನ. ಪುಟ್ಟಿ ಮೈದುನನ ಮಗಳು, ಹದಿನೆಂಟು ತುಂಬಿದೆ, ಹೊಲಿಗೆ ಕಲಿಸುವ ಶಾಲೆಯಲ್ಲಿ ಎರಡು ವರ್ಷದ ಓದಿಗೆ ಬೇರೆ ಊರಿಗೆ ಹೊರಟಿದ್ದಾಳೆ. ಐದೂವರೆಗೆ ಬಸ್ಸು. ನಾಲ್ಕಕ್ಕೆ ಹೇಳಿಹೋಗಲು ಬರುತ್ತಾಳೆ. ಲೆಕ್ಕದಕ್ಕನಿಗೆ ಮಕ್ಕಳಿಲ್ಲ. ಒಂದು ವರ್ಷದಿಂದ ನಾಲ್ಕು ವರ್ಷದವರೆಗೆ ಈ ಹುಡುಗಿ ಬೆಳೆದದ್ದು ಇದೇ ಹೊಲಿಗೆ ಯಂತ್ರದ ಕಾಲ ಬುಡದಲ್ಲಿ, ಬಟ್ಟೆಯ ಚೂರುಗಳ ರಾಶಿಯಲ್ಲಿ. ಹೋಗುತ್ತಿದ್ದಾಳೆ ಎಂಬ ಸಂಕಟ ಇದ್ದೇ ಇತ್ತು. ಆದರೆ ಕೂರಗೊಡದಿದ್ದದ್ದು ಅದಲ್ಲ, ಕಳೆದ ಭಾನುವಾರ ಅವಳು ಕೇಳಿದ ಒಂದು ಪ್ರಶ್ನೆ.

"ದೊಡ್ಡಮ್ಮ, ಹೋಗೋ ಮುಂಚೆ ಒಂದು ಕೇಳ್ತೀನಿ, ಬೈಬೇಡಿ. ಅಮ್ಮ ನಿಜವಾಗ್ಲೂ ಸೂಜಿ ಕದ್ದಿದ್ಲಾ?"

"ನಿಮ್ಮಮ್ಮನ್ನೇ ಕೇಳು."

"ಕೇಳ್ದೆ. ನಿಮ್ಮ ದೊಡ್ಡಮ್ಮನ್ನ ಕೇಳು ಅಂದ್ಲು."

ಲೆಕ್ಕದಕ್ಕ ಬಾಯಿಯಲ್ಲಿದ್ದ ದಾರದ ತುಂಡನ್ನು ಉಗುಳಿ, "ಹೋಗೋ ದಿನ ಹೇಳ್ತೀನಿ" ಎಂದು ತಪ್ಪಿಸಿಕೊಂಡಿದ್ದಳು. ಆ ದಿನ ಇವತ್ತು ಬಂದು ಕೂತಿತ್ತು. ಹೌದು ಅಂದರೆ ಹುಡುಗಿ ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ. ತಾಯಿಯನ್ನು ಕಳ್ಳಿ ಅಂದವಳ ಮನೆಗೆ ಯಾವ ಮಗಳು ಬರುತ್ತಾಳೆ? ಇಲ್ಲ ಅಂದರೆ, ಹದಿನಾಲ್ಕು ವರ್ಷ ಯಾವುದರ ಮೇಲೆ ಬಿಗಿದುಕೊಂಡು ಕೂತಿದ್ದಳೋ ಅದು ಸುಳ್ಳಾಗುತ್ತದೆ.

ಕಥೆ ಹಳೆಯದು. ಚಿಕ್ಕವಳು, ಅಂದರೆ ಪುಟ್ಟಿಯ ತಾಯಿ, ಲೆಕ್ಕದಕ್ಕನ ಓರಗಿತ್ತಿ. ಆಗ ಎಲ್ಲರೂ ಒಂದೇ ಮನೆ. ಓರಗಿತ್ತಿಯರಿಬ್ಬರೂ ಎದುರುಬದುರು ಯಂತ್ರ ಹಾಕಿಕೊಂಡು ಮೂರು ವರ್ಷ ಹೊಲಿದರು. ಒಬ್ಬಳು ಕತ್ತರಿಸಿದರೆ ಇನ್ನೊಬ್ಬಳು ಜೋಡಿಸುವುದು, ಮಧ್ಯೆ ಮಗು. ನಡುವಿನ ಮೇಜಿನ ಮೇಲೆ ಅತ್ತೆಯ ಕಾಲದ ಕಂದು ಸೂಜಿದಿಂಬು, ಸೂಜಿ ಚುಚ್ಚಿಡುವ ಪುಟ್ಟ ಮೆತ್ತೆ. ಅದರಲ್ಲಿ ಲೆಕ್ಕದಕ್ಕನ ಕೈಹೊಲಿಗೆಯ ಸಣ್ಣ ಸೂಜಿಗಳು, ಮೂವತ್ತು. ಅಕ್ಕಪಕ್ಕದವರು ಒಳ್ಳೆಯದನ್ನು ಕಡ ಒಯ್ದು ಮೊಂಡು ಸೂಜಿ ತಂದಿಡುತ್ತಾರೆಂದು ಒಂದೊಂದರ ಕಣ್ಣಿನ ತುದಿಗೂ ಇಟ್ಟಿಗೆ ಬಣ್ಣದ ನೇಲ್ ಪಾಲಿಶ್ ಚುಕ್ಕೆ ಇಟ್ಟಿದ್ದಳು. ಮಗು ಅಂಬೆಗಾಲಿಡಲು ಶುರು ಮಾಡಿದ ಮೇಲೆ ಒಂದು ನಿಯಮವೂ ಬಂತು: ಸೂಜಿಯನ್ನು ಕಣ್ಣಿನವರೆಗೆ ಚುಚ್ಚಬೇಕು, ಕೂಸಿನ ಕೈಗೆ ತಾಗಕೂಡದು. ಚಿಕ್ಕವಳು ಅರ್ಧಕ್ಕೆ ಬಿಟ್ಟಿದ್ದರೆ ಲೆಕ್ಕದಕ್ಕ ಸಂಜೆ ಬೆರಳಿಗೆ ಲೋಹದ ಟೋಪಿ ಹಾಕಿಕೊಂಡು ಒಂದೊಂದನ್ನೂ ತಾನೇ ಒತ್ತಿಡುತ್ತಿದ್ದಳು.

ಆಮೇಲೆ ಸೂಜಿ ಕಡಿಮೆಯಾಗತೊಡಗಿದವು. ಶನಿವಾರ ಎಣಿಸಿದರೆ ಎರಡು ಇಲ್ಲ. ಸೋಮವಾರ ನೋಡಿದರೆ ಲೆಕ್ಕ ಸರಿ. ಮುಂದಿನ ಶನಿವಾರ ಮತ್ತೆ ಎರಡು ಇಲ್ಲ. ಕದ್ದು, ಹೆದರಿ ತಂದಿಡುತ್ತಾಳೆ, ಚಪಲ ತಡೆಯದೆ ಮತ್ತೆ ಕದಿಯುತ್ತಾಳೆ ಎಂದು ಲೆಕ್ಕದಕ್ಕ ತೀರ್ಮಾನಿಸಿದಳು. ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ. ಹತ್ತೊಂಬತ್ತು ಹೋದ ದಿನ, ಶಾಲೆಯ ಟೀಚರೊಬ್ಬರು ಕಿಟಕಿ ಪರದೆಯ ಅಳತೆ ಕೊಡಲು ಬಂದು ಕೂತಿದ್ದಾಗ, ಅವರ ಎದುರೇ ಅಂದುಬಿಟ್ಟಳು: "ಸೂಜಿಗೆ ಕಾಲು ಬರಲ್ಲ ತಾಯಿ. ಕೈ ಇರೋರು ತಗೊಂಡ್ರೇನೇ ಹೋಗೋದು."

ಚಿಕ್ಕವಳು ಬೆಚ್ಚಿ ತನ್ನ ಬಟ್ಟೆಯ ಎದೆಭಾಗವನ್ನು ಮುಟ್ಟಿ ನೋಡಿಕೊಂಡಳು, ಎಲ್ಲಾದರೂ ಚುಚ್ಚಿಕೊಂಡು ಮರೆತಿದ್ದೇನೋ ಎಂಬಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು, ಅಂದುಕೊಂಡಳು ಲೆಕ್ಕದಕ್ಕ. "ಅಕ್ಕ, ನಾನು..." ಎಂದು ಬಾಯಿ ತೆರೆದವಳು ಅಲ್ಲಿಗೇ ನಿಲ್ಲಿಸಿ, ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು. ತಿಂಗಳೊಳಗೆ ಮೈದುನ ಬೇರೆ ಮನೆ ಮಾಡಿದ. ನಾಲ್ಕು ಬೀದಿ ಆಚೆ. ಚಿಕ್ಕವಳು ಅಲ್ಲೇ ಬಟ್ಟೆ ಉದ್ದ ಗಿಡ್ಡ ಮಾಡಿಕೊಡುವ ಸಣ್ಣ ಅಂಗಡಿ ಇಟ್ಟಳು. ಎದುರಿಗೆ ಸಿಕ್ಕರೆ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತ ಹೋಗುವುದು ರೂಢಿಯಾಯಿತು. ಮಗಳು ದೊಡ್ಡಮ್ಮನ ಮನೆಗೆ ಹೋಗುವುದನ್ನು ಮಾತ್ರ ಅವಳು ಒಂದು ದಿನವೂ ತಡೆಯಲಿಲ್ಲ. ಇದು ಲೆಕ್ಕದಕ್ಕನಿಗೆ ಆಗಾಗ ಚುಚ್ಚುತ್ತಿತ್ತು, ಆದರೆ ಆಕೆಯ ಬಳಿ ಒಂದು ದೊಡ್ಡ ಸಾಕ್ಷಿ ಇತ್ತು. ಕೇಳಿದವರಿಗೆಲ್ಲ ಹೇಳಿದ್ದಳು: "ಅವಳು ಹೋದ ಮೇಲೆ ಒಂದೇ ಒಂದು ಸೂಜಿ ಕಳೆದಿಲ್ಲ. ನೀವೇ ಹೇಳಿ ಇನ್ನು."

ಹೀಗೆ ಪ್ರಶ್ನೆ ಒಂದು ಕಡೆ ಕುದಿಯುತ್ತಿರುವಾಗ ಕೈಗೆ ಏನಾದರೂ ಕೆಲಸ ಕೊಡಬೇಕಿತ್ತು. ಹುಡುಗಿಗೆ ಉಡುಗೊರೆಯಾಗಿ ಒಂದು ಸೂಜಿದಿಂಬು ಮಾಡುವುದೆಂದು ಮೂರು ದಿನದ ಹಿಂದೆ ಹಿಡಿದದ್ದು, ಇವತ್ತಿಗೂ ಮುಗಿದಿರಲಿಲ್ಲ. ಕುಂಬಳಕಾಯಿಯಂತೆ ಎಂಟು ಹೋಳಿನದು. ಹೋಳುಗಳಿಗೆ ಹಳೆಯ ಚೂರಿನ ಮೂಟೆಯಿಂದ ಆರಿಸಿದ್ದಳು: ಪುಟ್ಟಿಯ ಮೊದಲ ಲಂಗದ ಹಸಿರು, ಗಂಡನ ಹಳೆಯ ಅಂಗಿಯ ಗೀಟು, ಹಳದಿ ಹೂವಿನ ಪರದೆ, ಹೀಗೆ. ಎಂಟನ್ನೂ ತಿರುವುಮುರುವಾಗಿ ಜೋಡಿಸಿ, ತಳದಲ್ಲಿ ಎರಡು ಬೆರಳು ತೂರುವಷ್ಟು ಬಾಯಿ ಬಿಟ್ಟು, ಒಳಹೊರಗು ಮಗುಚಿದರೆ ಅರ್ಧ ಕೆಲಸವಾದಂತೆ. ತಳಕ್ಕೆ ಒಂದು ಚಿಟಿಕೆ ಮರಳಿನ ಪುಟ್ಟ ಚೀಲ ಇಟ್ಟರೆ ಮೇಜಿನ ಮೇಲೆ ಉರುಳುವುದಿಲ್ಲ. ಆಮೇಲೆ ದಪ್ಪ ದಾರವನ್ನು ಒಂದೊಂದು ಹೊಲಿಗೆಯ ಮೇಲೂ ಸುತ್ತಿ ಬಿಗಿದರೆ ಹೋಳುಗಳು ಉಬ್ಬುತ್ತವೆ, ನೆತ್ತಿಗೊಂದು ದೊಡ್ಡ ಗುಂಡಿ. ಹೇಳಲು ಸುಲಭ. ಇವತ್ತು ಆಕೆಯ ಕೈಗೆ ಒಂದು ಹೋಳೂ ಮಾತು ಕೇಳುತ್ತಿರಲಿಲ್ಲ. ಹಸಿರಿನ ಪಕ್ಕ ಹಸಿರನ್ನೇ ಹೊಲಿದು ಎರಡು ಸಲ ಬಿಚ್ಚಿದಳು.

ಹನ್ನೆರಡು ಗಂಟೆಗೆ ಅಂತೂ ಮಗುಚಿ, ಹತ್ತಿ ತುಂಬಿ ನೋಡಿದಳು. ಸೂಜಿ ಚುಚ್ಚಿದರೆ ಅಮಲೇರಿದವನಂತೆ ವಾಲಿತು. ಹತ್ತಿಯಲ್ಲಿ ಹಿಡಿತವೇ ಇಲ್ಲ, ತೇವ ಎಳೆದು ತುಕ್ಕು ಬೇರೆ ಹಿಡಿಸುತ್ತದೆ. ಮುಖ ಸಿಂಡರಿಸಿ ಹತ್ತಿಯನ್ನೆಲ್ಲ ಎಳೆದು ಹಾಕಿದಳು. ಆಗ ಕಣ್ಣು ಬಿದ್ದದ್ದು ಅತ್ತೆಯ ಕಂದು ದಿಂಬಿನ ಮೇಲೆ. ಅದರೊಳಗಿರುವುದು ಅಪ್ಪಟ ಕುರಿಯ ಉಣ್ಣೆ. ಅದರ ಜಿಡ್ಡಿಗೆ ಸೂಜಿ ಎಷ್ಟು ವರ್ಷವಾದರೂ ಹೊಳೆಯುತ್ತದೆ ಎಂದು ಅತ್ತೆ ಹೇಳುತ್ತಿದ್ದರು. ಮೇಲಿನ ಬಟ್ಟೆಯಂತೂ ಜರಡಿಯಾಗಿದೆ. ಅಜ್ಜಿಯ ಉಣ್ಣೆ ಮೊಮ್ಮಗಳ ಜೊತೆ ಹೋಗಲಿ ಎಂದುಕೊಂಡು ಮೇಲೆ ಚುಚ್ಚಿದ್ದ ಸೂಜಿಗಳನ್ನೆಲ್ಲ ಡಬ್ಬಿಯ ಮುಚ್ಚಳಕ್ಕೆ ತೆಗೆದಿಟ್ಟು, ಕತ್ತರಿ ಹಾಕಿದಳು.

ಉಣ್ಣೆ ಬೂದು ಮುದ್ದೆಯಾಗಿ ಹೊರಬಂತು. ಹಿಂಜಲು ಬೆರಳಿಟ್ಟಳು. ನಡುಬೆರಳಿಗೆ ಚುರ್ ಅಂತು.

ಎಳೆದು ನೋಡಿದರೆ ಸೂಜಿ. ಹೊಸದರಂತೆ ಮಿರಮಿರ. ಕಣ್ಣಿನ ತುದಿಗೆ ಇಟ್ಟಿಗೆ ಬಣ್ಣದ ಚುಕ್ಕೆ.

ಲೆಕ್ಕದಕ್ಕ ಅದನ್ನು ಮೇಜಿನ ಮೇಲಿಟ್ಟಳು. ಇನ್ನೊಂದು ಎಳೆ ಹಿಂಜಿದಳು. ಇನ್ನೊಂದು ಸೂಜಿ. ಆಮೇಲೆ ಎರಡು ಒಟ್ಟಿಗೆ. ಬಾಯಿ ತನ್ನ ಪಾಡಿಗೆ ಎಣಿಸುತ್ತಿತ್ತು. ಐದು, ಆರು, ಒಂಬತ್ತು. ಕಣ್ಣಿನವರೆಗೆ ಚುಚ್ಚಿದ್ದು. ಬೆರಳುಟೋಪಿ ಹಾಕಿಕೊಂಡು ದಿನಾ ಸಂಜೆ ತಾನೇ ಒತ್ತಿದ್ದು. ಕೂಸಿಗೆ ತಾಗದಿರಲಿ ಎಂದು ಒತ್ತಿದ್ದು, ಒಂದು ಕೂದಲೆಳೆ ಹೆಚ್ಚಾದರೆ ಸಾಕು, ಬಟ್ಟೆ ಬಾಯಿ ಮುಚ್ಚಿ ನುಂಗಿಬಿಡುತ್ತಿತ್ತು. ಅವಳು ಹೋದ ಮೇಲೆ ಯಾಕೆ ಒಂದೂ ಕಳೆಯಲಿಲ್ಲ ಎಂಬುದೂ ಈಗ ತಾನೇ ತಾನಾಗಿ ಅರ್ಥವಾಯಿತು: ಕೂಸು ಮನೆ ಬಿಟ್ಟು ಹೋಯಿತು, ಒತ್ತುವುದು ನಿಂತಿತು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂದು ಬೇರೆಯವರನ್ನು ಆಡಿಕೊಂಡು ನಕ್ಕವಳು ಆಕೆ. ಈಗ ನಗು ಬರಲಿಲ್ಲ.

ಹತ್ತೊಂಬತ್ತು. ಸರಿಯಾಗಿ ಹತ್ತೊಂಬತ್ತು ಕೆಂಪು ಚುಕ್ಕೆಗಳು.

ಆದರೆ ಮೇಜಿನ ಮೇಲೆ ಬೇರೆ ಸೂಜಿಗಳೂ ಇದ್ದವು. ಅವಕ್ಕೂ ಚುಕ್ಕೆ ಇತ್ತು, ಆದರೆ ಏನೋ ಬೇರೆ ಅನ್ನಿಸಿ ಕೈ ತಾನಾಗಿ ಪಕ್ಕಕ್ಕಿಟ್ಟಿತ್ತು. ಕಿಟಕಿಯ ಬಳಿ ಒಯ್ದು ನೋಡಿದಾಗ ಚುಕ್ಕೆಯ ಬಣ್ಣ ಬೇರೆ. ಇಟ್ಟಿಗೆ ಕೆಂಪಲ್ಲ, ಗುಲಾಬಿಗೆ ತಿರುಗಿದ ಕೆಂಪು. ಅಂಥವು ಏಳು. ಸಂಜೆ ದೀಪದಲ್ಲಿ ನೋಡಿದರೆ ಬ್ರಹ್ಮನಿಗೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ.

ಆ ಬಣ್ಣ ಆಕೆಗೆ ಗೊತ್ತಿತ್ತು. ಮೂರು ವರ್ಷ ದಿನವೂ ಎದುರಿಗೆ ನೋಡಿದ್ದು. ಎದುರಿನ ಯಂತ್ರದ ಪೆಡಲ್ ತುಳಿಯುತ್ತಿದ್ದ ಎರಡು ಕಾಲುಗಳ ಹತ್ತು ಉಗುರಿನ ಬಣ್ಣ ಅದು. "ಪೆಡಲ್ ತುಳಿಯೋ ಕಾಲಿಗೆ ಬಣ್ಣ ಬೇರೆ ಕೇಡು" ಎಂದು ತಾನೇ ಹಂಗಿಸಿದ್ದೂ ನೆನಪಾಯಿತು.

ಶನಿವಾರ ಕಡಿಮೆಯಾದದ್ದು ಸೋಮವಾರ ಸರಿಹೋಗುತ್ತಿದ್ದುದು ಹೀಗೆ. ಚಿಕ್ಕವಳು ತಾನೇ ಅಂಗಡಿಗೆ ಹೋಗಿ ಅಂಥದೇ ಸೂಜಿ ಕೊಂಡು, ತನ್ನ ಉಗುರಿನ ಬಣ್ಣದಿಂದಲೇ ಚುಕ್ಕೆ ಇಟ್ಟು, ಸದ್ದಿಲ್ಲದೆ ದಿಂಬಿಗೆ ಚುಚ್ಚಿಡುತ್ತಿದ್ದಳು. ಅಕ್ಕನ ಲೆಕ್ಕ ಸರಿಹೋಗಲಿ ಎಂದು. ಆ ಸಂಜೆಯೇ ಅಕ್ಕ ಅದನ್ನೂ ಕಣ್ಣಿನವರೆಗೆ ಒತ್ತಿ ಒಳಗೆ ಕಳಿಸುತ್ತಿದ್ದಳು. ಯಾವುದನ್ನು ಕಳ್ಳತನದ ಪುರಾವೆ ಎಂದು ಹದಿನಾಲ್ಕು ವರ್ಷ ನಂಬಿಕೊಂಡಿದ್ದಳೋ ಅದು ಚಿಕ್ಕವಳು ಮಾಡಿದ ಉಪಕಾರವಾಗಿತ್ತು.

"ರೀ, ಇಲ್ಲಿ ಬನ್ನಿ" ಅಂದಳು.

ಗಂಡ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯ ಸಮೇತ ಬಂದರು. ಎಲ್ಲ ಕೇಳಿದರು. ಭೂತಗನ್ನಡಿಯಲ್ಲೇ ಏಳು ಗುಲಾಬಿ ಚುಕ್ಕೆಗಳನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಕನ್ನಡಿ ತೆಗೆದು ಒರೆಸುತ್ತ ನಿಂತರು. ಮಾತು ತೋಚದಿದ್ದಾಗ ಅವರು ಏನಾದರೊಂದನ್ನು ಒರೆಸುತ್ತಿದ್ದರು.

"ಇನ್ನೂ ಉಳಿದಿರಬಹುದು. ಅಯಸ್ಕಾಂತ ತರ್ಲಾ?"

"ಬೇಡ. ಹತ್ತೊಂಬತ್ತು ಹೋಗಿತ್ತು, ಹತ್ತೊಂಬತ್ತು ಸಿಕ್ತು. ನನ್ನ ಲೆಕ್ಕ ತಪ್ಪಲ್ಲ."

ಅಷ್ಟಾದ ಮೇಲೂ ಈ ಮಾತು ಆಡಿದ ನಾಲಿಗೆಗೆ ಏನು ಹೇಳುವುದು. ಗಂಡ ಮೆಲ್ಲಗೆ, "ನೋಡು, ಇದು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ" ಅಂದರು. "ಡಬ್ಬಿಗೆ ಹಾಕಿ ಮುಚ್ಚಿಡು. ಹುಡುಗಿ ಕೇಳಿದ್ರೆ, ಇಲ್ಲಮ್ಮ, ನಿಮ್ಮಮ್ಮ ಕದ್ದಿಲ್ಲ, ನನಗೇ ಏನೋ ಮರೆವು ಅಂದ್ಬಿಡು. ಅವಳೂ ಖುಷಿಯಾಗಿ ಹೋಗ್ತಾಳೆ. ಹಳೇ ಗಾಯ ಯಾಕೆ ಕೆರೀತೀಯಾ?"

ಕೇಳಲು ಹಿತವಾಗಿತ್ತು ಆ ಮಾತು. ಲೆಕ್ಕದಕ್ಕ ಸೂಜಿಗಳನ್ನು ಡಬ್ಬಿಗೆ ಹಾಕಿಯೂ ಹಾಕಿದಳು. ಮುಚ್ಚಳ ತಿರುಗಿಸಿದಳು. ಉಣ್ಣೆಯನ್ನು ಎಂಟು ಹೋಳಿನೊಳಗೆ ತುಂಬಿದಳು, ತಳದ ಬಾಯಿ ಹೊಲಿದಳು, ದಪ್ಪ ದಾರ ಸುತ್ತಿ ಎಳೆದಳು. ಹೋಳುಗಳು ಚೆನ್ನಾಗಿ ಉಬ್ಬಿದವು. ನೆತ್ತಿಗೆ ಕೆಂಪು ಗುಂಡಿ ಕೂರಿಸಿದಳು. ಈಗ ಕೈ ಯಾಕೋ ಒಂದು ಹೊಲಿಗೆಯೂ ತಪ್ಪಲಿಲ್ಲ. ಆದರೆ ಗುಂಡಿಗೆ ಕೊನೆಯ ಗಂಟು ಹಾಕುವಾಗ ಕಣ್ಣು ಮಂಜಾಯಿತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಚಿಕ್ಕವಳ ಮಾನ ಹೋದದ್ದು ಸೂಜಿಗೆ. ನೆಂಟರಿಷ್ಟರ ಮನೆಯಲ್ಲಿ ಚಿಕ್ಕವಳು ಬಂದರೆ, "ಸೂಜಿ ಎತ್ತಿಡ್ರೇ" ಎಂದು ಹೆಂಗಸರು ಒಳಗೊಳಗೇ ನಗುತ್ತಿದ್ದುದು ಲೆಕ್ಕದಕ್ಕನಿಗೆ ಗೊತ್ತಿತ್ತು. ತಾನೂ ನಕ್ಕಿದ್ದಳು. ಮುಚ್ಚಿದ ಬಾಗಿಲ ಹಿಂದೆ ಹುಡುಗಿಯ ಕಿವಿಯಲ್ಲಿ ಮರೆವು ಗಿರೆವು ಎಂದು ಪಿಸುಗುಟ್ಟಿದರೆ ಆ ನಗು ಎಲ್ಲಿ ಹೋಗುತ್ತದೆ?

ಡಬ್ಬಿ ಮತ್ತೆ ತೆಗೆದಳು. ಬಿಳಿ ಬಟ್ಟೆಯ ಪಟ್ಟಿಯೊಂದನ್ನು ಹರಿದು, ಮೇಲಿನ ಸಾಲಿನಲ್ಲಿ ಹತ್ತೊಂಬತ್ತು, ಕೆಳಗಿನ ಸಾಲಿನಲ್ಲಿ ಏಳು, ಎಲ್ಲರಿಗೂ ಕಾಣುವಂತೆ ಚುಚ್ಚಿದಳು. ಅರ್ಧಕ್ಕೆ ಮಾತ್ರ.

ನಾಲ್ಕು ಹೊಡೆಯುವ ಮುಂಚೆಯೇ ಪುಟ್ಟಿ ಬಂದಳು, ಬೆನ್ನಿಗೊಂದು ಚೀಲ, ಕೈಯಲ್ಲೊಂದು ಚೀಲ. ಸೂಜಿದಿಂಬು ನೋಡಿ ಕೆನ್ನೆಗೆ ಒತ್ತಿಕೊಂಡಳು. "ಇದು ನನ್ನ ಲಂಗ ಅಲ್ವಾ ದೊಡ್ಡಮ್ಮ?" ಎಂದು ಹಸಿರು ಹೋಳನ್ನು ಗುರುತಿಸಿದಳು. ಆಮೇಲೆ ಕೇಳಲೋ ಬೇಡವೋ ಎಂಬಂತೆ ದೊಡ್ಡಮ್ಮನ ಮುಖ ನೋಡಿದಳು.

"ಚಪ್ಪಲಿ ಬಿಡಬೇಡ" ಅಂದಳು ಲೆಕ್ಕದಕ್ಕ. "ನಡಿ, ನಿಮ್ಮಮ್ಮನ ಅಂಗಡಿಗೆ. ನಿನ್ನ ಪ್ರಶ್ನೆಗೆ ಉತ್ತರ ಅಲ್ಲೇ ಹೇಳ್ತೀನಿ."

ಗಂಡ ಏನೋ ಹೇಳಹೊರಟು, ಭೂತಗನ್ನಡಿ ಒರೆಸತೊಡಗಿದರು.

ನಾಲ್ಕು ಬೀದಿ ದೂರ. ಹದಿನಾಲ್ಕು ವರ್ಷದಲ್ಲಿ ಆ ಕಡೆ ಕಾಲಿಟ್ಟವಳಲ್ಲ. ದಾರಿಯಲ್ಲಿ ಧೈರ್ಯಕ್ಕೆಂದು ದೀಪದ ಕಂಬ ಎಣಿಸಲು ಶುರು ಮಾಡಿದಳು. ಹದಿಮೂರೋ ಹದಿನಾಲ್ಕೋ ಎಂಬಲ್ಲಿ ತಪ್ಪಿತು. ಹಿಂದೆ ತಿರುಗಿ ಮತ್ತೆ ಎಣಿಸೋಣವೇ ಎಂದು ಒಂದು ಗಳಿಗೆ ನಿಂತೂಬಿಟ್ಟಳು. ಪುಟ್ಟಿ ಕೈ ಹಿಡಿದು ಎಳೆದಳು.

ಅಂಗಡಿ ಎಂದರೆ ಒಂದು ಅಗಲ ಬಾಗಿಲಿನಷ್ಟು ಜಾಗ. ಒಂದು ಯಂತ್ರ, ಒಂದು ಇಸ್ತ್ರಿ ಮೇಜು, ಗೋಡೆಯ ಮೊಳೆಗಳಲ್ಲಿ ಚೀಟಿ ಅಂಟಿಸಿದ ಬಟ್ಟೆಗಳು. ಪ್ಯಾಂಟಿನ ಕಾಲು ಗಿಡ್ಡ ಮಾಡಿಸಲು ಬಂದ ಒಬ್ಬ ಗಂಡಸು, ಸಮವಸ್ತ್ರದ ಸೊಂಟ ಬಿಗಿ ಮಾಡಿಸಲು ಬಂದ ಒಬ್ಬ ನರ್ಸು ಕಾಯುತ್ತಿದ್ದರು. ಚಿಕ್ಕವಳು ತಲೆ ಎತ್ತಿದಳು. ಕನ್ನಡಕ ಬಂದಿದೆ, ಕಿವಿಯ ಪಕ್ಕ ನರೆ. ಪೆಡಲ್ ಮೇಲಿನ ಉಗುರುಗಳಲ್ಲಿ ಬಣ್ಣವಿರಲಿಲ್ಲ.

"ಬಸ್ಸಿಗೆ ಹೊತ್ತಾಯ್ತಲ್ಲೇ" ಎಂದು ಅವಳು ಮಗಳಿಗೆ ಹೇಳಿದಳು, ಪಕ್ಕದಲ್ಲಿ ಯಾರೂ ಇಲ್ಲವೇನೋ ಎಂಬಂತೆ.

ಇವರೆಲ್ಲ ಹೋಗಲಿ, ಆಮೇಲೆ ಹೇಳೋಣ ಅನ್ನಿಸಿತು ಲೆಕ್ಕದಕ್ಕನಿಗೆ. ಆದರೆ ನಾಲ್ಕು ಜನರ ಮುಂದೆ ಆಡಿದ್ದನ್ನು ನಾಲ್ಕು ಜನರ ಮುಂದೆಯೇ ವಾಪಸ್ ತಗೋಬೇಕು. ಬಟ್ಟೆಯ ಪಟ್ಟಿಯನ್ನು ಬಿಡಿಸಿ ಇಸ್ತ್ರಿ ಮೇಜಿನ ಮೇಲೆ ಹಾಸಿದಳು.

"ನೋಡಮ್ಮ, ನೀವೂ ನೋಡಿ ಸ್ವಾಮಿ" ಎಂದು ನರ್ಸಿಗೂ ಆ ಗಂಡಸಿಗೂ ಹೇಳಿದಳು. "ನಾನು ಇವಳ ಓರಗಿತ್ತಿ. ಸೂಜಿ ಕದ್ದಳು ಅಂತ ಹದಿನಾಲ್ಕು ವರ್ಷದ ಹಿಂದೆ ಒಬ್ಬರು ಟೀಚರ್ ಮುಂದೆ ಇವಳಿಗೆ ಅಂದಿದ್ದೆ. ಕದ್ದಿರ್ಲಿಲ್ಲ. ಸೂಜಿ ನನ್ನ ದಿಂಬಿನ ಹೊಟ್ಟೆಯಲ್ಲೇ ಇತ್ತು, ಒತ್ತಿದ್ದು ನನ್ನ ಕೈಯೇ. ಆ ಉಣ್ಣೆನ ಪುಟ್ಟಿ ದಿಂಬಿಗೆ ತುಂಬೋಕೆ ತೆಗೆದಾಗ ಹತ್ತೊಂಬತ್ತೂ ಸಿಕ್ತು. ಈ ಕೆಳಗಿನ ಏಳು ನನ್ನವಲ್ಲ. ಇವಳೇ ದುಡ್ಡು ಕೊಟ್ಟು ತಂದು, ನನ್ನ ಲೆಕ್ಕ ಸರಿ ಮಾಡೋಕೆ ಇಟ್ಟಿದ್ದು. ಅದನ್ನೂ ನಾನು ಕಳ್ಳತನ ಅಂದೆ." ಓರಗಿತ್ತಿಯ ಕಡೆ ತಿರುಗಿದಳು. "ತಪ್ಪು ನಂದು ಕಣೇ. ಪೂರ್ತಿ ನಂದು."

ಪ್ಯಾಂಟಿನ ಗಂಡಸು ಗೋಡೆ ನೋಡತೊಡಗಿದ. ನರ್ಸು ಮಾತ್ರ ಕಣ್ಣು ತೆಗೆಯಲಿಲ್ಲ.

ಚಿಕ್ಕವಳು ಪಟ್ಟಿಯ ಮೇಲೆ ಬಾಗಿದಳು. ಮೇಲಿನ ಸಾಲನ್ನು ಅವಳು ನೋಡಲೇ ಇಲ್ಲ. ಕೆಳಗಿನ ಸಾಲಿನ ಗುಲಾಬಿ ಚುಕ್ಕೆಗಳ ಮೇಲೆ ಬೆರಳ ತುದಿ ಒಂದೊಂದಾಗಿ ಇಡುತ್ತ ಹೋದಳು.

"ಎಂಟು" ಅಂದಳು ಕೊನೆಗೆ.

"ಏನು?"

"ನಾನು ಎಂಟು ಇಟ್ಟಿದ್ದೆ ಅಕ್ಕ. ಇಲ್ಲಿ ಏಳಿದೆ."

ಲೆಕ್ಕದಕ್ಕನಿಗೆ ಗಂಡನ ಅಯಸ್ಕಾಂತ ನೆನಪಾಯಿತು. ತನ್ನ ಹತ್ತೊಂಬತ್ತು ಸಿಕ್ಕಿದ ಕೂಡಲೇ ಹುಡುಕುವುದನ್ನು ನಿಲ್ಲಿಸಿದವಳು ತಾನು. ಇವಳವು ಎಷ್ಟಿದ್ದವು ಎಂದು ಯೋಚಿಸಿಯೂ ಇರಲಿಲ್ಲ.

"ಹಾಗಾದ್ರೆ ಯಾಕೆ ಅವತ್ತೇ ಹೇಳ್ಲಿಲ್ಲ ನೀನು?"

"ಏನಂತ ಹೇಳ್ಲಿ? ನೀವು ಕೂಗಾಡಿದ್ರೆ ಮಗು ಬೆಚ್ಚಿಬೀಳ್ತಿತ್ತು, ಅದಕ್ಕೆ ಇಟ್ಟೆ. ಆದ್ರೆ ನಾನಿಟ್ಟಿದ್ದೂ ಕಾಣೆಯಾಗ್ತಿತ್ತಲ್ಲ. ಆ ರೂಮಲ್ಲಿ ಇದ್ದಿದ್ದು ನಾವಿಬ್ರೇ." ಚಿಕ್ಕವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ನೀವೇ ತೆಗೆದಿಟ್ಟು ನನ್ನ ತಲೆಗೆ ಕಟ್ತಿದ್ದೀರಿ ಅಂದ್ಕೊಂಡೆ. ಮನೆ ಬಿಡಿಸೋಕೆ. ಇವತ್ತಿನವರೆಗೂ ಹಾಗೇ ಅಂದ್ಕೊಂಡಿದ್ದೆ."

ಲೆಕ್ಕದಕ್ಕ ಚಿಕ್ಕವಳ ಮುಖವನ್ನೇ ನೋಡಿದಳು. ತನ್ನನ್ನೂ ಒಬ್ಬರು ಹದಿನಾಲ್ಕು ವರ್ಷ ಕಳ್ಳಿ ಎಂದುಕೊಂಡಿದ್ದರು. ಅಂದುಕೊಂಡೂ, ವಾರವಾರ ಮಗಳನ್ನು ಕಳಿಸಿದ್ದಳು.

"ಎಂಟನೇದು ಇದರೊಳಗೇ ಇರುತ್ತೆ" ಅಂದಳು ಪುಟ್ಟಿ. ಅವಳ ದನಿ ಸಣ್ಣಗಾಗಿತ್ತು. ಕೈಯಲ್ಲಿದ್ದ ಎಂಟು ಹೋಳಿನ ಸೂಜಿದಿಂಬನ್ನು ಮೇಜಿನ ಮೇಲಿಟ್ಟಳು. ಸ್ವಲ್ಪ ಹೊತ್ತಿನ ಮುಂಚೆ ಕೆನ್ನೆಗೆ ಒತ್ತಿಕೊಂಡಿದ್ದಳು ಅದನ್ನು.

ಓರಗಿತ್ತಿಯರಿಬ್ಬರೂ ಎರಡು ಕಡೆಯಿಂದ ಹೆಬ್ಬೆರಳಲ್ಲಿ ಒತ್ತಿ ಒತ್ತಿ ನೋಡಿದರು. ಹಳದಿ ಹೂವಿನ ಹೋಳಿನ ಆಳದಲ್ಲಿ ಗಟ್ಟಿಯಾಗಿ ಏನೋ ಸಿಕ್ಕಿತು.

"ಇರಲಿ ಬಿಡಿ, ಇಷ್ಟು ಚೆನ್ನಾಗಿ ಹೊಲಿದಿದ್ದೀರಿ" ಅಂದಳು ನರ್ಸು, ತಡೆಯಲಾರದೆ.

"ಇಲ್ಲಮ್ಮ, ಒಳಗೆ ಬಿಡೋದು ಬೇಡ" ಅಂದಳು ಲೆಕ್ಕದಕ್ಕ. ಮೂರು ದಿನದ ಕೆಲಸ. ಒಳ್ಳೆಯ ಹೊಲಿಗೆ ಬಿಚ್ಚುವುದೆಂದರೆ ಆಕೆಗೆ ಮೈ ಉರಿಯುತ್ತಿತ್ತು. "ಕತ್ತರಿ ಕೊಡು."

ಚಿಕ್ಕವಳು ಕತ್ತರಿ ಕೊಡಲಿಲ್ಲ. ಪಕ್ಕದ ಸ್ಟೂಲಿನ ಮೇಲಿದ್ದ ಬಟ್ಟೆಗಳನ್ನು ಎತ್ತಿ ನೆಲಕ್ಕಿಟ್ಟು, "ಕೂತ್ಕೊಳ್ಳಿ ಅಕ್ಕ" ಅಂದಳು. "ನೀವು ಹಿಡ್ಕೊಳ್ಳಿ, ನಾನು ಬಿಚ್ತೀನಿ."

ಬೆಳಗ್ಗೆಯಿಂದ ಮೊದಲ ಸಲ ಲೆಕ್ಕದಕ್ಕ ಕೂತಲ್ಲಿ ಕೂತಳು. ಹಿಡಿದುಕೊಂಡಳು. ಚಿಕ್ಕವಳು ತಳದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ಅತ್ತೆಯ ಉಣ್ಣೆ ಹೊರಬಂತು, ಅದರ ನಡುವೆ ಎಂಟನೆಯ ಸೂಜಿ, ತುದಿಗೆ ಗುಲಾಬಿ ಚುಕ್ಕೆ. ಚಿಕ್ಕವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಅದಕ್ಕೇ ದಾರ ಪೋಣಿಸಿ, ಅದರಿಂದಲೇ ತಳದ ಬಾಯಿ ಹೊಲಿಯತೊಡಗಿದಳು. ಲೆಕ್ಕದಕ್ಕ ಅಂಚು ಕೂಡಿಸಿ ಕೊಡುತ್ತ ಹೋದಳು, ಅವಳು ಹೊಲಿಯುತ್ತ ಹೋದಳು. ಪ್ಯಾಂಟಿನ ಗಂಡಸು ಒಂದು ಸಲ ಕೆಮ್ಮಿದ. ಯಾರೂ ಅವನ ಕಡೆ ನೋಡಲಿಲ್ಲ.

"ಕ್ಷಮಿಸಿದ್ಯೇನೇ?" ಎಂದಳು ಲೆಕ್ಕದಕ್ಕ, ಅಂಚಿನ ಮೇಲೆ ಕಣ್ಣಿಟ್ಟು.

"ಗೊತ್ತಿಲ್ಲ ಅಕ್ಕ. ಹದಿನಾಲ್ಕು ವರ್ಷದ್ದು ಹತ್ತು ನಿಮಿಷಕ್ಕೆ ಬಿಚ್ಚಲ್ಲ." ದಾರ ಎಳೆದು ಗಂಟು ಹಾಕಿದಳು. "ನಾಳೆ ಬನ್ನಿ. ಇವಳಿಲ್ದೆ ಮನೆ ಬಿಕೋ ಅನ್ನುತ್ತೆ."

ಐದು ಹೊಡೆಯಿತು. ಚಿಕ್ಕವಳು ದಾರ ಕಡಿದು, ಆ ಸೂಜಿಯನ್ನು ಕೆಂಪು ಗುಂಡಿಯ ಪಕ್ಕ ಚುಚ್ಚಿ ಮಗಳಿಗೆ ಕೊಡಲೆಂದು ಎತ್ತಿದಳು. ಲೆಕ್ಕದಕ್ಕನ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಮುಂದೆ ಹೋಯಿತು, ಸೂಜಿಯನ್ನು ಕಣ್ಣಿನವರೆಗೆ ಒತ್ತಲು. ಚಿಕ್ಕವಳು ಸುಮ್ಮನೆ ನೋಡಿದಳು. ಲೆಕ್ಕದಕ್ಕ ಕೈ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು.